ಐದು ನಿಮಿಷದ ಉಬ್ಬು

ನಾಲ್ಕು ನಿಮಿಷ ಹತ್ತು ಸೆಕೆಂಡು. ತಮ್ಮನ ಹೊಟ್ಟೆಯ ಮೇಲೆ ಇಂಜೆಕ್ಷನ್ ಎಬ್ಬಿಸಿದ್ದ ಉಬ್ಬಿನಿಂದ ಅಕ್ಕ ಕಣ್ಣು ಕೀಳಲಿಲ್ಲ. ಗಡಿಯಾರ ಕಟ್ಟಿದ್ದ ಕೈಯನ್ನು ಬ್ಯಾಗಿನ ಹಿಂದೆ ಮರೆಮಾಡಿದ್ದಳು. ಹೊತ್ತು ಅಳೆಯುತ್ತಿರುವುದು ನರ್ಸ್ ಕಣ್ಣಿಗೆ ಬಿದ್ದರೆ ಅಲ್ಲಿಗೆ ಎಲ್ಲ ಮುಗಿದ ಹಾಗೆ.

"ಏನಕ್ಕಾ ಹಾಗ್ ನೋಡ್ತಿದ್ದೀಯ? ನನ್ನ ಹೊಟ್ಟೆ ಏನು ಟೀವಿನಾ?" ಎಂದ ತಮ್ಮ.

"ಸುಮ್ನೆ ಮಲ್ಕೊ."

ಮನೆಯಲ್ಲಿ ಅವನಿಗೆ ಗುಂಡ ಎಂದೇ ಹೆಸರು. ಮೂವತ್ತೆರಡರ ಗುಂಡನ ಮೈಯಲ್ಲಿ ಈಗ ಗುಂಡಗೆ ಉಳಿದಿದ್ದು ಆ ಉಬ್ಬೊಂದೇ. ಮಿಕ್ಕಿದ್ದನ್ನೆಲ್ಲ ರಕ್ತದ ಕಾಯಿಲೆ ಒಂದೇ ವರ್ಷದಲ್ಲಿ ತಿಂದುಹಾಕಿತ್ತು. ಐದನೇ ನಿಮಿಷಕ್ಕೆ ಉಬ್ಬೂ ಇಳಿದು ಚರ್ಮ ಮಟ್ಟಸವಾಯಿತು. ಅಕ್ಕನಿಗೆ ಹೋದ ಜೀವ ಬಂದಂತಾಗಿ ಗೋಡೆಗೊರಗಿದಳು.

ಅದು ಹೊಸ ಔಷಧಿಯ ಪರೀಕ್ಷೆ. ಇನ್ನೂರು ರೋಗಿಗಳಲ್ಲಿ ಅರ್ಧ ಜನಕ್ಕೆ ಔಷಧಿ, ಇನ್ನರ್ಧಕ್ಕೆ ಬರೀ ಉಪ್ಪುನೀರು. ಯಾರಿಗೆ ಯಾವುದೆಂದು ರೋಗಿಗೂ ಗೊತ್ತಿಲ್ಲ, ಚುಚ್ಚುವ ನರ್ಸಿಗೂ ಗೊತ್ತಿಲ್ಲ. ಆಸ್ಪತ್ರೆಯವರು ಗುಂಡನಿಗೆ ಇನ್ನೊಂದು ದಾರಿ ತೋರಿಸಿದ್ದರು. ಹಳೆಯ ಡ್ರಿಪ್ ಚಿಕಿತ್ಸೆಯಲ್ಲಿ ಒಂದು ಜಾಗ ಖಾಲಿಯಾಗಿತ್ತು. ವಾರಕ್ಕೆರಡು ದಿನ, ದಿನಕ್ಕೆ ಆರು ಗಂಟೆ ನರಕ್ಕೆ ಸೂಜಿ. ಕಾಯಿಲೆ ವಾಸಿಯಾಗದು, ಜೀವವಂತೂ ನಿಲ್ಲುತ್ತದೆ. ಆದರೆ ಪರೀಕ್ಷೆ ಬಿಡಬೇಕು, ಇವತ್ತು ಮಧ್ಯಾಹ್ನ ಹನ್ನೆರಡರೊಳಗೆ ಹೇಳಬೇಕು. ತಪ್ಪಿದರೆ ಜಾಗ ಸರದಿಯಲ್ಲಿರುವ ಮುಂದಿನವರಿಗೆ. ಎರಡೂ ಇಲ್ಲದೆ ಬರೀ ಉಪ್ಪುನೀರಿನ ಮೇಲಿದ್ದರೆ ಗುಂಡನಿಗೆ ಉಳಿದಿರುವುದು ಹೆಚ್ಚೆಂದರೆ ನಾಲ್ಕು ತಿಂಗಳು.

ಆ ತೀರ್ಮಾನವನ್ನು ಅವನು ಅಕ್ಕನ ತಲೆಗೆ ಕಟ್ಟಿದ್ದ. "ನೀನು ಅದೇ ಕೆಲ್ಸದಲ್ಲಿ ಇದ್ದೀಯಲ್ಲ. ನೀನ್ ಹೇಳಿದ ಹಾಗೆ."

ಅಕ್ಕನ ಕಂಪನಿ ಔಷಧಿ ಮಾಡುತ್ತಿರಲಿಲ್ಲ. ಚರ್ಮದ ಕೆಳಗಿನ ಅಂಟನ್ನು ಕರಗಿಸಿ ದಾರಿ ಬಿಡಿಸುವ ಒಂದು ಕಿಣ್ವ ಮಾಡುತ್ತಿತ್ತು. ಗಂಟೆಗಟ್ಟಲೆ ನರದಲ್ಲಿ ಇಳಿಸಬೇಕಾದ ಔಷಧಿಗೆ ಅದನ್ನು ಬೆರೆಸಿದರೆ ಐದು ನಿಮಿಷದ ಇಂಜೆಕ್ಷನ್ ಸಾಕು. ದೊಡ್ಡ ದೊಡ್ಡ ಔಷಧಿ ಕಂಪನಿಗಳು ಪಾಲುದಾರರಾಗಿ, ಲೈಸೆನ್ಸ್ ಪಡೆದು, ತಮ್ಮ ಔಷಧಿಗೆ ಅದನ್ನು ಬೆರೆಸಿಕೊಳ್ಳುತ್ತಿದ್ದವು. ಗುಂಡನ ಪರೀಕ್ಷೆಯ ಹೊಸ ಔಷಧಿಯಲ್ಲೂ ಅದೇ ಇತ್ತು. ಹದಿನಾಲ್ಕು ವರ್ಷದಿಂದ ಆ ಕಿಣ್ವದ ಗುಣಮಟ್ಟ ನೋಡುವವಳು ಅಕ್ಕ. ಕಿಣ್ವವಿದ್ದರೆ ಉಬ್ಬು ಐದು ನಿಮಿಷಕ್ಕೆ ಇಳಿಯುತ್ತದೆ. ಇಲ್ಲದಿದ್ದರೆ ಗಂಟೆ ಕಳೆದರೂ ನಿಂಬೆಹಣ್ಣಿನ ಹಾಗೆ ಕೂತೇ ಇರುತ್ತದೆ. ಎರಡು ವರ್ಷದ ಹಿಂದೆ ಮೊದಲ ಪಾಲುದಾರರ ಪರೀಕ್ಷೆ ಮುಗಿದಾಗ ನೂರಾರು ಹೊಟ್ಟೆಗಳ ಫೋಟೋ ಅವಳ ಮೇಜಿಗೆ ಬಂದಿದ್ದವು. ಉಬ್ಬು ಇಳಿದವರೆಲ್ಲ ಔಷಧಿಯವರು, ಇಳಿಯದವರೆಲ್ಲ ಉಪ್ಪುನೀರಿನವರು. ಒಂದೂ ತಪ್ಪಿರಲಿಲ್ಲ. ಅದನ್ನು ಅವಳೇ ವರದಿಯಲ್ಲಿ ಬರೆದಿದ್ದಳು.

ಹೀಗೆ ಕದ್ದು ತಿಳಿದುಕೊಳ್ಳುವುದು ತಪ್ಪು. ಕಂಪನಿಯವರ ನೆಂಟರು ಪರೀಕ್ಷೆಗೆ ಸೇರುವುದೇ ತಪ್ಪು. ಗುಂಡ ಒಡಹುಟ್ಟಿದವನೆಂಬುದನ್ನು ಅವಳು ಎಲ್ಲೂ ಬಾಯಿಬಿಟ್ಟಿರಲಿಲ್ಲ. ಗೊತ್ತಾದರೆ ಕೆಲಸ ಹೋಗುತ್ತದೆ. ಅದು ಹಾಳಾಗಲಿ, ಗುಂಡನನ್ನು ಹೊರಗೆ ಹಾಕುತ್ತಾರೆ.

ಆಸ್ಪತ್ರೆಯ ಮೆಟ್ಟಿಲ ಮೇಲೆ ತಮ್ಮನ ಕಿವಿಯಲ್ಲಿ ಹೇಳಿದಳು. "ಡ್ರಿಪ್ ಬೇಡ ಅನ್ನು."

"ಗ್ಯಾರಂಟಿನಾ?"

"ಕಣ್ಣಾರೆ ನೋಡಿದೀನಿ. ನಿಂಗೆ ಸಿಕ್ತಿರೋದು ಅಸಲಿ ಔಷಧಿ. ಯಾರ ಹತ್ರನೂ ಉಸಿರೆತ್ತಬೇಡ."

ಗುಂಡ ಎಷ್ಟೋ ತಿಂಗಳ ಮೇಲೆ ಬಾಯ್ತುಂಬ ನಕ್ಕ. ಅಕ್ಕ ಅವನ ಕಾಲರು ಸರಿಮಾಡಿ, ಕೆಲಸಕ್ಕೆ ತಡವಾಯಿತೆಂದು ಓಡಿದಳು.

ಹನ್ನೆರಡೂಕಾಲಿಗೆ ಅವನ ಫೋನು ಬಂತು. "ಬೇಡ ಅಂದೆ ಅಕ್ಕಾ. ಆಗ್ಲೇ ಬೇರೆಯವ್ರಿಗೆ ಕೊಟ್ಟೂ ಆಯ್ತು. ಯಾರೋ ಒಬ್ರು ಅಜ್ಜಿ. ಖುಷಿಗೆ ಅತ್ತೇಬಿಟ್ರು, ಪಾಪ."

ಫೋನ್ ಇಡುವುದಕ್ಕೂ ಮ್ಯಾನೇಜರು ಬಾಗಿಲಲ್ಲಿ ಕಾಣಿಸಿಕೊಳ್ಳುವುದಕ್ಕೂ ಸರಿಹೋಯಿತು. "ಪರೀಕ್ಷೆ ನಡೆಸ್ತಿರೋ ಪಾಲುದಾರ ಕಂಪನಿಯ ಡಾಕ್ಟರಮ್ಮ ಬಂದಿದ್ದಾರೆ. ನಿಮ್ಮೊಬ್ಬರನ್ನೇ ಕಳಿಸಬೇಕಂತೆ. ಏನೋ ಉಬ್ಬಿನ ವಿಷಯ ಅಂದ್ರು."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ಅಕ್ಕ ಕೈಗಡಿಯಾರವನ್ನು ಮುಚ್ಚಿಕೊಂಡಳು. ನರ್ಸ್ ನೋಡಿಬಿಟ್ಟಳೇ? ವಾರ್ಡಿನಲ್ಲಿ ಕ್ಯಾಮೆರಾ ಇತ್ತೇ? ಗುಂಡ ಖುಷಿಯಲ್ಲಿ ಯಾರ ಮುಂದಾದರೂ ಬಾಯಿ ಹರಿಬಿಟ್ಟನೇ? ಕಾರಿಡಾರಿನ ನಲವತ್ತು ಹೆಜ್ಜೆಯಲ್ಲಿ ಮೂರು ಸುಳ್ಳು ಹೊಂದಿಸಿದಳು, ಮೂರನ್ನೂ ಕೈಬಿಟ್ಟಳು. ಕಾಲಿಗೆ ಬೀಳುವುದೇ ಸರಿ. ತನ್ನನ್ನು ಏನು ಬೇಕಾದರೂ ಮಾಡಲಿ, ಅವನ ಔಷಧಿ ನಿಲ್ಲಿಸದಿದ್ದರೆ ಸಾಕು.

ಡಾಕ್ಟರಮ್ಮ ಎದ್ದು ಬಂದು ಬಾಗಿಲು ಹಾಕಿದರು. "ಕೂತ್ಕೊಳ್ಳಿ. ಈ ಮಾತು ಈ ರೂಮು ದಾಟಬಾರದು."

ಅಕ್ಕ ಕುರ್ಚಿಯ ಅಂಚಿಗೆ ಕೂತಳು.

"ಉಬ್ಬು ನೋಡಿದ್ರೆ ಸಾಕು, ಯಾರಿಗೆ ಔಷಧಿ, ಯಾರಿಗೆ ನೀರು ಅಂತ ಹೇಳ್ಬಿಡಬಹುದು. ಇದು ನಿಮಗಿಂತ ಚೆನ್ನಾಗಿ ಯಾರಿಗ್ ಗೊತ್ತು, ಅಲ್ವಾ?"

ಅಕ್ಕ ಎದ್ದು ಕೈಮುಗಿದಳು. "ಮೇಡಂ, ತಪ್ಪಾಯ್ತು, ನಾನು..."

"ತಪ್ಪೇನು ಬಂತು? ನಾನು ಥ್ಯಾಂಕ್ಸ್ ಹೇಳೋಕೆ ಬಂದಿದ್ದು." ಡಾಕ್ಟರಮ್ಮ ನಗುತ್ತಾ ಕೈ ಚಾಚಿದರು. "ನಿಮ್ಮ ವರದಿ ಓದಿ ನಮ್ಮ ಕಣ್ಣು ತೆರೀತು. ಈ ಸಲ ಉಪ್ಪುನೀರಿಗೂ ನಿಮ್ಮ ಕಿಣ್ವ ಬೆರೆಸಿಬಿಟ್ವಿ, ಇನ್ನೂರು ಜನರ ಉಬ್ಬೂ ಐದೇ ನಿಮಿಷಕ್ಕೆ ಇಳಿಯುತ್ತೆ."