ಬುಕ್ಕಸಾಗರ ಬಿಟ್ಟ ಬಸ್ಸು

"ನೀ...ರು ಬೇ...ಕು..." ಎಂದು ಡಾಕ್ಟರ್ ಸುಕನ್ಯಾ ರಾಗ ಎಳೆದು ಹಾಡುತ್ತ, ಎರ್ರಿಯಪ್ಪನ ಎಡಗೈ ಹಿಡಿದು ಮೇಜಿನ ಮೇಲೆ ತಾಳ ಹಾಕಿಸಿದರು. ಬಲಗೈ ತೊಡೆಯ ಮೇಲೆ ಸುಮ್ಮನೆ ಬಿದ್ದಿತ್ತು. ಎರ್ರಿಯಪ್ಪನ ತುಟಿ ನಡುಗಿತು, ಗಂಟಲ ಮಣಿ ಮೇಲೆ ಕೆಳಗೆ ಆಡಿತು. ಹೊರಗೆ ಬಿದ್ದದ್ದು "ತ್... ತ್..." ಅಷ್ಟೆ.

"ಹಿಂಗ ಹಾಡಿದ್ರ ನೀರು ಬರೂದಿಲ್ಲ, ನಿದ್ದಿ ಬರತೈತಿ ನೋಡ್ರಿ ಡಾಕ್ಟ್ರಮ್ಮ" ಎಂದಳು ಪಕ್ಕದಲ್ಲಿ ಕೂತಿದ್ದ ಹೆಂಡತಿ ಪಂಪಮ್ಮ. ನಗಿಸಲು ಹೇಳಿದ್ದು. ಲಕ್ವ ಹೊಡೆದು ಮಾತು ಹೋದವರಿಗೆ ಹಾಡಿನಿಂದ ಮಾತು ತರಿಸುವ ಸಂಶೋಧನೆ ಇದು. ಎರ್ರಿಯಪ್ಪನಿಗೆ ಇವತ್ತೇ ಕೊನೆಯ ಸರದಿ. ಇವತ್ತೂ ಒಂದು ಶಬ್ದ ಬರದಿದ್ದರೆ ಅವನನ್ನು ಕೈಬಿಡಬೇಕೆಂದು ದೊಡ್ಡ ಡಾಕ್ಟರು ಹೇಳಿಯಾಗಿತ್ತು.

ಮೆಡಿಕಲ್ ಕಾಲೇಜಿನ ಆ ಆಸ್ಪತ್ರೆಯಲ್ಲಿ ಕೋಣೆಗೊಂದು ಸಂಶೋಧನೆ. ಒಂದರಲ್ಲಿ ಸಂಡೂರಿನ ಗಣಿ ಲಾರಿಯವರಿಂದ ಕೊಳವೆ ಊದಿಸಿ ಉಸಿರು ಅಳೆಯುತ್ತಿದ್ದರು. ಅದರಾಚೆ ಮೊಣಕಾಲು ನೋವಿನ ಅಜ್ಜಿಯರನ್ನು ಗೆರೆಯ ಮೇಲೆ ನಡೆಸುತ್ತಿದ್ದರು. "ಅಲ್ಲಿ ಊದೋರು, ಅತ್ತಾಗ ಕುಣಿಯೋರು, ಇಲ್ಲಿ ಹಾಡೋರು. ಬಣ್ಣ ಹಚ್ಚಿದ್ರ ಬಯಲಾಟನ ಆತು" ಎಂದು ಪಂಪಮ್ಮ ಬಂದ ದಿನವೇ ಗಂಡನ ಕಿವಿಯಲ್ಲಿ ಉಸುರಿದ್ದಳು. ಮೊದಲಿನ ಎರ್ರಿಯಪ್ಪನಾಗಿದ್ದರೆ ಮೂರೂ ಕೋಣೆಗಳನ್ನು ನಿಂತಲ್ಲೇ ಆಡಿ ತೋರಿಸುತ್ತಿದ್ದ. ಹೊಸಪೇಟೆ–ಕಂಪ್ಲಿ ಬಸ್ಸಿನಲ್ಲಿ ಕಂಡಕ್ಟರಾಗಿ ತಲೆ ನರೆಸಿಕೊಂಡವನು. ಚೆಕಿಂಗ್ ಸಾಹೇಬರ ಕೆಮ್ಮು, ಟಿಕೀಟು ತಪ್ಪಿಸುವವರ ಸುಳ್ಳು ಗೊರಕೆ, ಸ್ವಂತ ಅತ್ತೆಯ ಗೊಣಗಾಟ, ಯಾವುದನ್ನೂ ಬಿಟ್ಟವನಲ್ಲ. "ನನ್ ಗಂಡನ ಬಾಯಾಗ ಇಡೀ ಬಸ್ಸು ಕುಂತೈತಿ" ಎಂದು ಪಂಪಮ್ಮ ಓಣಿಗೆಲ್ಲ ಹೇಳುತ್ತಿದ್ದಳು. ಯುಗಾದಿಯ ಮರುದಿನ ಲಕ್ವ ಹೊಡೆದು ಅಷ್ಟೂ ಜನ ಒಮ್ಮೆಲೇ ಇಳಿದು ಹೋಗಿದ್ದರು.

"ಎಡಗಡಿ ಮಿದುಳಿನ್ಯಾಗ ಮಾತಿನ ಮನಿ ಬಿದ್ದೈತಮ್ಮ" ಎಂದರು ಹೊಸಪೇಟೆಯವರೇ ಆದ ಸುಕನ್ಯಾ. "ಬಲಗಡಿ ಹಾಡಿನ ಮನಿ ಗಟ್ಟಿ ಐತಿ. ಮುಂಬಾಗಿಲು ಮುಚ್ಚೈತಿ ಅಂತ ಹಿತ್ತಲ ಬಾಗಿಲಿಗೆ ನಿಂತು ಕರಿಯಾಕತ್ತೀನಿ."

"ನೀರು ಬೇಕು ಅಂತ ಕರದ್ರ ಈತ ಹೆಂಗ ಬರ್ತಾನ್ರಿ ಯವ್ವಾ? ಮದುವಿ ಆದಾಗಿಂದ ಬಾಯಿಬಿಟ್ಟು ನೀರು ಕೇಳಿದಾತನ ಅಲ್ಲ. ಈತ ಕೈ ಚಾಚೋದು, ನಾ ಚೊಂಬು ಕೊಡೋದು."

ಸುಕನ್ಯಾ ನಕ್ಕರು. "ಹಂಗಾರ ದಿನಾ ಏನಂತ ಕೂಗ್ತಿದ್ರು?"

ಪಂಪಮ್ಮ ಎದ್ದು ಸೆರಗು ಸಿಕ್ಕಿಸಿದಳು. ಊರವರನ್ನೆಲ್ಲ ಅಣಕಿಸಿದವನನ್ನು ಅಣಕಿಸುವ ಸರದಿ ಅವಳಿಗೆ ಸಿಕ್ಕದ್ದು ಇವತ್ತೇ. ಮೂಲೆಯ ಕಬ್ಬಿಣದ ಬೀರುವಿಗೆ ಅಂಗೈಯಿಂದ ದಬ್ ದಬ್ ಎಂದು ಎರಡು ಬಡಿದು, ದನಿಯನ್ನು ಮೂಗಿಗೆ ಏರಿಸಿದಳು: "ಯಾರ್ರೀ... ಹೊಸಪ್ಯಾಟೀ... ಕಮಲಾಪುರಾ... ರಾಮಸಾಗರಾ... ಕಂಪ್ಲೀ ಕಂಪ್ಲೀ ಕಂಪ್ಲೀ! ಹತ್ರೀ ಜಲ್ದಿ!"

ಎರ್ರಿಯಪ್ಪನ ಹುಬ್ಬು ಗಂಟಾಯಿತು. ಯಾರೂ ಹಿಡಿಯದೆಯೇ ಎಡಗೈ ಎದ್ದು ಮೇಜಿಗೆ ಬಡಿಯಿತು.

"ಬು..." ಎಂದ.

ಸುಕನ್ಯಾ ಉಸಿರು ಬಿಗಿ ಹಿಡಿದರು.

"ಬು... ಬುಕ್ಕಸಾಗರಾ!"

ನಡುವಿನ ಬುಕ್ಕಸಾಗರವನ್ನು ಪಂಪಮ್ಮ ಮರೆತು ಬಿಟ್ಟಿದ್ದಳು. ಒಂದು ಊರು ಬಿಟ್ಟು ಬಸ್ಸು ಮುಂದೆ ಹೋದರೆ ಸಹಿಸುವ ಕಂಡಕ್ಟರ್ ಆತನಲ್ಲ.

ಈ ಸಲ ಬೀರು ಬಡಿದವರು ಡಾಕ್ಟರ್ ಸುಕನ್ಯಾ. ಬಸ್ಸು ಮತ್ತೆ ಹೊಸಪೇಟೆಯಿಂದ ಹೊರಟಿತು; ಕಂಠ ಎರ್ರಿಯಪ್ಪನದು, ತುಕ್ಕು ಹಿಡಿದಿದ್ದರೂ ಆತನದೇ. ಕಮಲಾಪುರ ಬಂತು, ಬುಕ್ಕಸಾಗರ ಬಂತು. ರಾಮಸಾಗರಕ್ಕೆ ಬರುತ್ತಲೇ ತಾಳ ಮೆತ್ತಗಾಯಿತು. ಆತ ಹೆಂಡತಿಯ ಕಡೆ ಬಗ್ಗಿದ. "ರಾಮಸಾಗರಾ... ಏಳ್ರೀ ಪಂಪಮ್ಮಾ, ನಿಮ್ಮೂರು ಬಂತು!"

ಪಂಪಮ್ಮನ ಅಂಗೈ ಬಾಯಿಗೆ ಹೋಯಿತು. ಹೊಸಪೇಟೆಯಲ್ಲಿ ಹೊಲಿಗೆ ಕಲಿತು, ಸಂಜೆ ಬಸ್ಸಿನ ಕಿಟಕಿಗೆ ತಲೆಕೊಟ್ಟು ತೂಕಡಿಸುತ್ತಿದ್ದ ರಾಮಸಾಗರದ ಹುಡುಗಿಯನ್ನು ಮೀಸೆ ಚಿಗುರುತ್ತಿದ್ದ ಕಂಡಕ್ಟರ್ ದಿನಾ ಎಬ್ಬಿಸುತ್ತಿದ್ದದ್ದು ಹೀಗೆಯೇ. ತಲೆಗೆ ಮದುವೆಯ ಅಕ್ಕಿಕಾಳು ಬಿದ್ದದ್ದೇ ತಡ, ಆ ಮರ್ಯಾದೆ ಹೋಗಿ "ಲೇ ಪಂಪಿ" ಬಂದಿತ್ತು. ಬಿದ್ದ ಮನೆಯ ಯಾವ ಗೂಡಿನಲ್ಲಿ ಇದನ್ನು ಇಷ್ಟು ಜೋಪಾನವಾಗಿ ಇಟ್ಟಿದ್ದನೋ!

"ಇವರ ಹೆಸರೇನ್ರಿ?" ಎಂದು ಡಾಕ್ಟರ್ ನೇರವಾಗಿ ಕೇಳಿದರು. "ತ್... ತ್..." ಎಂದು ಎರ್ರಿಯಪ್ಪ ಒದ್ದಾಡಿದ. ಬೀರು ಬಡಿದರು. ಹೊಸಪೇಟೆ, ಕಮಲಾಪುರ, ಬುಕ್ಕಸಾಗರ, ರಾಮಸಾಗರ. ಹೆಸರು ತನ್ನ ನಿಲ್ದಾಣದಲ್ಲೇ ಕಾದು ನಿಂತಿತ್ತು.

ಸುಕನ್ಯಾ ತಮ್ಮ ತೋಳು ಸವರಿಕೊಂಡರು. ರೋಮ ಎದ್ದಿತ್ತು. "ಹಾದಿ ಹಿಡದ್ರ ಸಿಗತೈತಿ" ಎಂದು ಪಿಸುಗುಟ್ಟಿದರು. ಯಾರಿಗೆ ಹೇಳಿದರೋ ಅವರಿಗೇ ಗೊತ್ತಿರಲಿಲ್ಲ.

ಈಗ ಕಂಪ್ಲಿಯ ಮನೆಯಲ್ಲಿ ಎರ್ರಿಯಪ್ಪನಿಗೆ ನೀರು ಬೇಕಾದಾಗ ಪಡಸಾಲೆಯ ಬಾಗಿಲು ದಬ್ ದಬ್ ಎನ್ನುತ್ತದೆ, ಹೊಸಪೇಟೆಯಿಂದ ಬಸ್ಸು ಹೊರಡುತ್ತದೆ. ಪಂಪಮ್ಮ ಚೊಂಬು ತುಂಬಿ, ಅಡುಗೆಮನೆಯ ಚೌಕಟ್ಟಿಗೆ ತಲೆಕೊಟ್ಟು, ತನ್ನೂರು ಬರುವವರೆಗೂ ಕಣ್ಣು ಮುಚ್ಚಿ ನಿಂತಿರುತ್ತಾಳೆ.