ಕಲ್ಲವ್ವನ ಹೊಂಡ

ನಕ್ಷೆಯಲ್ಲಿ ತಿದ್ದಿದ್ದು ನೆಲದ ಮೇಲೂ ಆಗಿಬಿಡುವ ಕಾಲವದು. ಹಳ್ಳಗಳು ತಡೆಯಿಲ್ಲದೆ ಹರಿಯಲೆಂದು ನಕ್ಷೆಯ ಎತ್ತರದ ಅಂಕಿಗಳಲ್ಲಿ ತಗ್ಗು ಹುಡುಕಿ ತುಂಬುವುದು ಮಹಾನಂದಾಳ ಕೆಲಸ. ತುಂಬುವ ಮೊದಲು ಅದು ಅಂಕಿಯ ತಪ್ಪೋ, ನಿಜವಾದ ಹೊಂಡವೋ ಎಂದು ಊರಿಗೆ ಫೋನ್ ಮಾಡಿ ಕೇಳಬೇಕಿತ್ತು. ಸೋಮವಾರ ಊಟದ ಅವಸರದಲ್ಲಿ ಒಂದನ್ನು ಕೇಳದೆಯೇ ತುಂಬಿಬಿಟ್ಟಳು.

ಮರುದಿನ ಕಲ್ಲವ್ವನೆಂಬ ಮುದುಕಿ ಕಚೇರಿಗೆ ಬಂದಳು. "ನಮ್ಮ ಹೊಂಡ ಮುಚ್ಚಿ ಹೋಗೇತ್ರಿ ಅಕ್ಕಾರ. ಮಷಿನ್ ತಪ್ಪೇನ್ರಿ?"

ಹೌದೆನ್ನಲು ಮಹಾನಂದಾಳ ನಾಲಿಗೆ ಹೊರಳಲಿಲ್ಲ. "ಇಲ್ಲವ್ವಾ, ತಪ್ಪು ನಂದ. ಈಗ ಸರಿ ಮಾಡ್ತೀನಿ," ಎಂದು ಹಳೆಯ ಅಂಕಿಗಳನ್ನೇ ಮರಳಿ ಹಾಕಿದಳು.

ಮನಸ್ಸು ತಡೆಯದೆ ಸಂಜೆ ಊರಿಗೇ ಹೋದಳು. ಹೊಂಡ ತುಂಬ ನೀರಿತ್ತು. ಕಲ್ಲವ್ವ ಹಗ್ಗ ಹಿಡಿದು ದಂಡೆಯಲ್ಲಿ ಕೂತಿದ್ದಳು.

"ಹೊಂಡ ಬಂತ್ರಿ ಅಕ್ಕಾರ," ಎಂದಳು. "ಅದರಾಗ ಮಲಗಿದ್ದ ನಮ್ಮ ಎಮ್ಮಿ ಯಾವಾಗ ಬರ್ತೇತ್ರಿ?"