ಹೊಟ್ಟೆ ತುಂಬಿದ ಗಾಳಿ

ಸುಂಟರಗಾಳಿಗಳಿಗೆ ಹಸಿವು ಹುಟ್ಟಿ ಹನ್ನೊಂದು ವರ್ಷವಾಗಿತ್ತು. ಒಂದು ಊರನ್ನು ನುಂಗಿದ ಗಾಳಿ ಇನ್ನೊಂದನ್ನು ಮುಟ್ಟುವುದಿಲ್ಲ. ಬರಿಹೊಟ್ಟೆಯಲ್ಲಿ ಬಂದದ್ದು ಮಾತ್ರ ಬಿಡುವುದಿಲ್ಲ. ಯಾವುದು ಎಂಥದ್ದೆಂದು ದೂರದಿಂದಲೇ ನೋಡಿ ಹೇಳಲು ಊರೂರಿನ ಸ್ವಯಂಸೇವಕರಿಗೆ ತರಬೇತಿ ಕೊಟ್ಟಿದ್ದರು. ನೀಲವ್ವ ಅವರಲ್ಲೊಬ್ಬಳು.

ಬೆಳಗಿನಿಂದ ಅವಳಿಗೆ ನಿಂತಲ್ಲಿ ನಿಲ್ಲಲಾಗಿರಲಿಲ್ಲ. ಶಾಲೆಯ ಮಾಳಿಗೆಯ ಮೇಲೆ ಅತ್ತಿಂದಿತ್ತ ತಿರುಗುತ್ತ, ಒರೆಸಿದ ದುರ್ಬೀನನ್ನೇ ಮತ್ತೆ ಒರೆಸುತ್ತಿದ್ದಳು. ಗಾಳಿ ಕಂಬದಂತೆ ಎದ್ದು ಇತ್ತಲೇ ಬರುತ್ತಿತ್ತು. ಕೆಳಗೆ ಇಡೀ ಊರು ಗಂಟುಮೂಟೆ ಕಟ್ಟಿ ಅವಳನ್ನೇ ನೋಡುತ್ತ ನಿಂತಿತ್ತು.

"ನೀಲವ್ವಾರ, ಹೊಟ್ಟಿ ತುಂಬೇತೋ ಖಾಲಿ ಐತೋ? ಲಗೂನ ಹೇಳ್ರಿ," ಫೋನಿನಲ್ಲಿ ಹವಾಮಾನ ಕೇಂದ್ರದವನು ಅವಸರಿಸಿದ.

'ತುಂಬಿರಲಪ್ಪಾ ದೇವರೇ' ಎಂದುಕೊಂಡೇ ಅವಳು ದುರ್ಬೀನು ಕಣ್ಣಿಗಿಟ್ಟಳು. ತಗಡು, ಬಾಗಿಲು, ಮುರಿದ ಮಗ್ಗ ಎಲ್ಲ ಸುತ್ತುತ್ತಿದ್ದವು. ನಡುವೆ ಕೆಂಪು ಖಣದ ಬಟ್ಟೆ ಮಾರುಗಟ್ಟಲೆ ಬಿಚ್ಚಿಕೊಂಡು ಹಾರುತ್ತಿತ್ತು. ಆ ಸೀಮೆಯಲ್ಲಿ ಖಣ ನೇಯುವುದು ಅವಳ ತಂಗಿಯ ಊರೊಂದೇ.

"ತುಂಬೇತ್ರಿ," ಎಂದಳು.

ಕೆಳಗೆ ಕೇಕೆ ಎದ್ದಿತು. ಗಂಟು ಬಿಚ್ಚಿ ಸಕ್ಕರೆ ಹಂಚಿದರು. ಯಾರೋ ಮೆಟ್ಟಿಲು ಹತ್ತಿ ಬಂದು, "ಬಾಯಿ ತಗಿ ನೀಲವ್ವಾ," ಎಂದು ನಗುತ್ತ ಅವಳ ಬಾಯಿಗೂ ಒಂದು ಚಿಟಿಕೆ ಹಾಕಿದರು.